ನಮ್ಮಂಥ ಸಣ್ಣ ಪ್ಲಗಿನ್‌ಗೆ ಬೀಗ ಎಷ್ಟು ಬೇಕು, ದುಡ್ಡು ಎಲ್ಲಿಂದ ಬರಬೇಕು?

ಮಂದ್ರ

ಎಲ್ಲರಿಗೂ ನಮಸ್ಕಾರ. ನಾನು ಮಾಡುವ ಸಿಂತ್ (ಸಂಗೀತದ ಪ್ರೋಗ್ರಾಮಿನೊಳಗೆ ಪ್ಲಗಿನ್ ಆಗಿ ಸೇರಿಕೊಂಡು ಸದ್ದು ಹುಟ್ಟಿಸುವ ವಾದ್ಯ) ಇಲ್ಲಿ ಕೆಲವರಿಗೆ ಗೊತ್ತಿದೆ. ಒಂದು ಸ್ಥಾಯಿಗೆ ಹನ್ನೆರಡು ಸಮ ಪಾಲು ಅನ್ನುವ ಲೆಕ್ಕ ಬಿಟ್ಟು ಬೇರೆ ಶ್ರುತಿಗಳಲ್ಲಿ ನುಡಿಸುವವರಿಗಾಗಿ ಮಾಡಿದ್ದು. ಶ್ರುತಿ ಪಟ್ಟಿ ಬರೆದಿಡುವ ಸ್ಕಾಲಾ ಫೈಲ್ ಓದುತ್ತದೆ, ಹಲವು ಪ್ಲಗಿನ್‌ಗಳಿಗೆ ಒಟ್ಟಿಗೇ ಶ್ರುತಿ ಕೊಡುವ ಎಂಟಿಎಸ್-ಇಎಸ್‌ಪಿ ಜೊತೆ ಕೆಲಸ ಮಾಡುತ್ತದೆ. ಇಂಥದ್ದು ಬೇಕು ಅನ್ನುವವರು ಎಲ್ಲ ಕಡೆಯೂ ಕಡಿಮೆ. ಕೊಳ್ಳುವವರಲ್ಲಿ ಅರ್ಧ ಜನರ ಹೆಸರು ನನಗೇ ನೆನಪಿದೆ.

ಇಲ್ಲಿಯವರೆಗೆ ಬರೀ ಸೀರಿಯಲ್ ನಂಬರ್ ಇತ್ತು. ಈಗ ಅದಕ್ಕೊಂದು ಕೀಜೆನ್, ಅಂದರೆ ಕಳ್ಳ ಸೀರಿಯಲ್ ಹುಟ್ಟಿಸುವ ಪ್ರೋಗ್ರಾಮ್, ಬಂದಿದೆ. ಇಷ್ಟು ಸಣ್ಣ ಸಾಫ್ಟ್‌ವೇರಿಗೂ ಒಬ್ಬ ಕೂತು ಕೀಜೆನ್ ಬರೆದನಲ್ಲ ಅಂತ ನಗುವೂ ಬಂತು, ಹೊಟ್ಟೆ ಉರಿದದ್ದೂ ನಿಜ. ಯಾರೋ ಒಬ್ಬರು ಆ ಪ್ರತಿಯನ್ನೇ ಹಾಕಿಕೊಂಡು, ಶ್ರುತಿ ಬದಲಿಸುವಾಗ ಟಕ್ ಅಂತ ಸದ್ದು ಬರುತ್ತದೆ, ಸರಿ ಮಾಡಿಕೊಡಿ ಅಂತ ನನಗೇ ಮೇಲ್ ಬರೆದಿದ್ದಾರೆ. ಆ ದೋಷ ಎರಡು ಆವೃತ್ತಿಗಳ ಹಿಂದೆಯೇ ಹೋಗಿದೆ.

ಮುಂದಿನ ದೊಡ್ಡ ಆವೃತ್ತಿಗೆ ಏನು ಮಾಡಲಿ? ಐಲಾಕ್ (ಬೇರೆ ಕಂಪನಿ ಕೊಡುವ ಲೈಸೆನ್ಸ್ ಬೀಗ) ಹಾಕಬೇಕಾ, ಆನ್‌ಲೈನ್ ಆ್ಯಕ್ಟಿವೇಷನ್ (ಸರ್ವರ್ ಕೇಳಿ ಬೀಗ ತೆರೆಯುವುದು) ಸಾಕಾ, ತಿಂಗಳ ಚಂದಾ ಮಾಡಲಾ, ಇಲ್ಲಾ ಪೂರ್ತಿ ಪುಕ್ಕಟೆ ಕೊಟ್ಟು ಮನಸ್ಸಿದ್ದವರು ಕೊಡಲಿ ಅಂತ ಕೂರಲಾ? ಇದು ನನ್ನ ಸಂಸಾರದ ಪೂರ್ತಿ ಆದಾಯ ಅಲ್ಲ. ಆದರೆ ಏನೂ ಬಾರದಿದ್ದರೆ ಇದಕ್ಕೆ ಕೊಡುವ ಹೊತ್ತನ್ನು ಬೇರೆ ಕೆಲಸಕ್ಕೆ ಕೊಡಬೇಕಾಗುತ್ತದೆ.

ಬಫರ್ ಬಾಬು

ಕೀಜೆನ್ ಬೇರೆ, ಪ್ರೋಗ್ರಾಮನ್ನೇ ತಿದ್ದಿ ಬೀಗ ಮುರಿಯುವ ಕ್ರ್ಯಾಕ್ ಬೇರೆ. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಕೀಜೆನ್ ಬಂತು ಅಂದರೆ ಸೀರಿಯಲ್ ಸರಿಯೋ ತಪ್ಪೋ ಅಂತ ನೋಡುವ ಲೆಕ್ಕ ಪೂರ್ತಿ ನಿಮ್ಮ ಪ್ರೋಗ್ರಾಮಿನ ಒಳಗೇ ಇದೆ ಅಂತ. ಅದನ್ನು ಓದಿ ಅರ್ಥ ಮಾಡಿಕೊಂಡವನು ತಾನೇ ಸೀರಿಯಲ್ ಹುಟ್ಟಿಸುತ್ತಾನೆ. ಇದನ್ನು ಖರ್ಚಿಲ್ಲದೆ ನಿಲ್ಲಿಸಬಹುದು. ಕೊಂಡವರ ಹೆಸರು, ಇಮೇಲ್, ತಾರೀಕು ಇಷ್ಟನ್ನು ಒಂದು ಸಣ್ಣ ಫೈಲಿಗೆ ಬರೆಯಿರಿ. ನಿಮ್ಮ ಹತ್ತಿರ ಮಾತ್ರ ಇರುವ ಖಾಸಗಿ ಕೀಲಿಯಿಂದ ಅದಕ್ಕೆ ಸಹಿ ಹಾಕಿ. ಪ್ಲಗಿನ್ ಒಳಗೆ ಇರುವುದು ಸಾರ್ವಜನಿಕ ಕೀಲಿ ಮಾತ್ರ. ಅದರಿಂದ ಸಹಿ ನಿಜವೋ ಸುಳ್ಳೋ ನೋಡಬಹುದು, ಹೊಸ ಸಹಿ ಹಾಕಲು ಬರುವುದಿಲ್ಲ. ಸಹಿ ಹಾಕುವ ವಿಧಾನಗಳಲ್ಲಿ ಇಡಿ25519 ಸಾಕು. ಸಹಿ 64 ಬೈಟ್, ಪರೀಕ್ಷೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಇದರಿಂದ ಕ್ರ್ಯಾಕ್ ನಿಲ್ಲುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಪ್ರೋಗ್ರಾಮ್ ಈ ಕಡೆ ಹೋಗಬೇಕೋ ಆ ಕಡೆ ಹೋಗಬೇಕೋ ಅಂತ ಕವಲೊಡೆಯುವ ಜಾಗ ಇದ್ದೇ ಇರುತ್ತದೆ. ಅಲ್ಲಿ ಒಂದು ಇನ್‌ಸ್ಟ್ರಕ್ಷನ್ ತಿದ್ದಿದರೆ ಕೆಲಸ ಆಯಿತು. ಆದರೆ ಕೀಜೆನ್ ಒಮ್ಮೆ ಬಂದರೆ, ನೀವು ಲೆಕ್ಕ ಬದಲಿಸುವವರೆಗೆ ಮುಂದಿನ ಎಲ್ಲ ಆವೃತ್ತಿಗೂ ನಡೆಯುತ್ತದೆ. ತಿದ್ದಿದ ಪ್ರತಿ ಆ ಒಂದು ಆವೃತ್ತಿಗೆ ಮಾತ್ರ. ನೀವು ಹೊಸದು ಬಿಟ್ಟಾಗಲೆಲ್ಲ ಅವನು ಮತ್ತೆ ಕೂರಬೇಕು. ನಮ್ಮಂಥ ಸಣ್ಣವರಿಗಾಗಿ ಮತ್ತೆ ಮತ್ತೆ ಕೂರುವಷ್ಟು ಪುರುಸೊತ್ತು ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ.

ಇನ್ನೊಂದು. ಏನೇ ಮಾಡಿ, ಪರೀಕ್ಷೆಯನ್ನು ಆಡಿಯೋ ಥ್ರೆಡ್ (ಸದ್ದನ್ನು ಹೊತ್ತಿಗೆ ಸರಿಯಾಗಿ ಲೆಕ್ಕ ಹಾಕುವ ಭಾಗ) ಒಳಗೆ ಮಾಡಬೇಡಿ. 48,000 ಹರ್ಟ್ಸ್‌ನಲ್ಲಿ 64 ಸ್ಯಾಂಪಲ್ ಬಫರ್ (ಒಂದು ಸಲಕ್ಕೆ ಲೆಕ್ಕ ಹಾಕುವ ಸದ್ದಿನ ತುಂಡು) ಅಂದರೆ ನಿಮಗೆ ಸಿಗುವುದು 1.33 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಪ್ರಾಜೆಕ್ಟಿನ ಎಲ್ಲ ಪ್ಲಗಿನ್‌ಗಳೂ ತಮ್ಮ ಕೆಲಸ ಮುಗಿಸಬೇಕು. ಅಲ್ಲಿ ನೀವು ಡಿಸ್ಕ್ ಮುಟ್ಟಿದರೆ ಅಥವಾ ಬೇರೆ ಥ್ರೆಡ್ ಮುಗಿಸಲಿ ಅಂತ ಕಾಯ್ದರೆ ಸದ್ದು ಒಡೆಯುತ್ತದೆ. ಕೇಳುವವನಿಗೆ ಅದು ಲೈಸೆನ್ಸ್ ಪರೀಕ್ಷೆ ಅಂತ ಗೊತ್ತಾಗುವುದಿಲ್ಲ, ಈ ಸಿಂತ್ ಸರಿಯಿಲ್ಲ ಅಂತಷ್ಟೇ ಗೊತ್ತಾಗುತ್ತದೆ. ತೆರೆಯುವಾಗ ಒಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಕಾಯದೆ ಓದಬಹುದಾದ ಒಂದು ಅಟಾಮಿಕ್ ವೇರಿಯಬಲ್‌ನಲ್ಲಿ ಇಡಿ.

ಹಳೇ ಟ್ರ್ಯಾಕರ್

ಸಂಗೀತ ಜೋಡಿಸುವ ಇಂಪಲ್ಸ್ ಟ್ರ್ಯಾಕರ್ ಪ್ರೋಗ್ರಾಮ್ ನೆನಪಿರುವವರು ಇಲ್ಲಿ ಇದ್ದೀರಾ? ಜೆಫ್ರಿ ಲಿಮ್ 1995ರ ಸುಮಾರಿಗೆ ಡಾಸ್‌ಗೆ ಬರೆದದ್ದು. ಟ್ರ್ಯಾಕರ್ ಪುಕ್ಕಟೆ. ದುಡ್ಡು ಕೊಟ್ಟವರಿಗೆ ಮಾತ್ರ ಸ್ಟೀರಿಯೋದಲ್ಲಿ ವೇವ್ ಫೈಲ್ ಬರೆಯುವ ಒಂದು ಡ್ರೈವರ್ ಸಿಗುತ್ತಿತ್ತು. ಪೂರ್ತಿ ಪ್ರೋಗ್ರಾಮಿಗೆ ಬೀಗವೇ ಇಲ್ಲ, ಒಂದು ಸಣ್ಣ ತುಂಡಿಗಷ್ಟೇ ದುಡ್ಡು. ಇದಕ್ಕಿಂತ ಸೌಮ್ಯ ವ್ಯವಸ್ಥೆ ಇರಬಹುದಾ? ಆ ತುಂಡನ್ನೂ ಕದ್ದು ಎಲ್ಲರಿಗೂ ಹಂಚಿದರು. ಆತ ಕೆಲಸ ನಿಲ್ಲಿಸಲು ಅದೇ ಕಾರಣವಾಯಿತು. ಕೊನೆಗೆ 2014ರಲ್ಲಿ ಸೋರ್ಸ್ ಕೋಡನ್ನೇ ಬಿಡುಗಡೆ ಮಾಡಿದರು.

ಕದ್ದವರೆಲ್ಲ ಹೇಗೂ ಕೊಳ್ಳುತ್ತಿರಲಿಲ್ಲ, ನಷ್ಟವೇನೂ ಇಲ್ಲ ಅನ್ನುವವರು ಯಾವಾಗಲೂ ಇರುತ್ತಾರೆ. ಲೆಕ್ಕದಲ್ಲಿ ಅದು ಸರಿ ಇರಬಹುದು. ಆದರೆ ಒಬ್ಬನೇ ಕೂತು ಬರೆಯುವ ಮನುಷ್ಯ ಲೆಕ್ಕ ನೋಡಿ ಬೇಜಾರಾಗುವುದಿಲ್ಲ. ನಮ್ಮಂಥ ಕಡೆ ಸಾಫ್ಟ್‌ವೇರ್ ಸಾಯುವುದು ಮಾರಾಟ ಕಮ್ಮಿಯಾಗಿ ಅಲ್ಲ, ಬರೆಯುವವನಿಗೆ ಸಾಕಪ್ಪಾ ಅನ್ನಿಸಿ. ಮಂದ್ರ, ನಿಮಗೆ ಮನಸ್ಸಿಗೆ ಸಮಾಧಾನ ಆಗುವಷ್ಟು ಬೀಗ ಹಾಕಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ನಾಬ್ ತಿರುವು

ನಾನು ಕೋಡ್ ಬರೆಯುವವಳಲ್ಲ, ಕೊಳ್ಳುವವಳು. ನನ್ನ ಕಡೆಯಿಂದ ಸ್ವಲ್ಪ ಕೇಳಿ.

ನನ್ನ ರೆಕಾರ್ಡಿಂಗ್ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ. ಬೇಕು ಅಂತಲೇ ಕೊಟ್ಟಿಲ್ಲ. ನಡುವೆ ಅಪ್‌ಡೇಟ್ ಆಗಿ ಎಲ್ಲ ಕೆಡುವುದು ಬೇಡ. ಒಂದು ಕಂಪನಿಯ ರಿವರ್ಬ್ (ಸದ್ದಿಗೆ ಅನುರಣನ ಕೊಡುವ ಪ್ಲಗಿನ್) ಕೊಂಡಿದ್ದೆ. ಕಂಪ್ಯೂಟರಿನ ಡಿಸ್ಕ್ ಬದಲಿಸಿದ ಮೇಲೆ ಅದು ನನ್ನನ್ನು ಗುರುತೇ ಹಿಡಿಯಲಿಲ್ಲ. ಆ್ಯಕ್ಟಿವೇಷನ್ ಮುಗಿದಿದೆ, ಸಪೋರ್ಟಿಗೆ ಬರೆಯಿರಿ ಅಂತ ಬಂತು. ಬರೆದೆ. ಉತ್ತರ ಬರುವಷ್ಟರಲ್ಲಿ ಹಾಡನ್ನು ಬೇರೆ ರಿವರ್ಬಿನಲ್ಲಿ ಮಿಕ್ಸ್ ಮಾಡಿ ಕಳಿಸಿಯಾಗಿತ್ತು. ಅದನ್ನು ಕದ್ದು ಹಾಕಿಕೊಂಡವರಿಗೆ ಈ ಕಷ್ಟ ಬರಲೇ ಇಲ್ಲ ಅನ್ನುವುದೇ ನನ್ನ ಹೊಟ್ಟೆ ಉರಿ. ಆ ಕಂಪನಿಯದು ಆಮೇಲೆ ಏನನ್ನೂ ಕೊಂಡಿಲ್ಲ.

ಲೈಸೆನ್ಸ್ ಇಟ್ಟುಕೊಂಡು ಕಂಪ್ಯೂಟರಿಗೆ ಸಿಕ್ಕಿಸುವ ಡಾಂಗಲ್ ಬಗ್ಗೆಯೂ ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಇರುವುದು ಎರಡೇ ತೂತು. ಒಂದರಲ್ಲಿ ಆಡಿಯೋ ಇಂಟರ್‌ಫೇಸ್, ಇನ್ನೊಂದರಲ್ಲಿ ಚಾರ್ಜರ್. ಡಾಂಗಲ್ ಎಲ್ಲಿ ಸಿಕ್ಕಿಸಲಿ? ಹಬ್ ಇಟ್ಟುಕೊಂಡರೆ ಅದೊಂದು ಬೇರೆ ತಲೆನೋವು. ಕಳೆದುಹೋದರಂತೂ ಅದರೊಳಗಿನ ಎಲ್ಲ ಲೈಸೆನ್ಸಿಗೂ ಅಲೆಯಬೇಕು.

ಡೆಮೊ ಬಗ್ಗೆ ಒಂದು ಮಾತು. ದಯವಿಟ್ಟು ಸೇವ್ ಆಗದ ಡೆಮೊ ಕೊಡಬೇಡಿ. ಶ್ರುತಿ ಹೊಂದಿಸಿ, ಸದ್ದು ಮಾಡಿಕೊಂಡು, ಮಾರನೇ ದಿನ ಪ್ರಾಜೆಕ್ಟ್ ತೆರೆದರೆ ಏನೂ ಇಲ್ಲ ಅಂದರೆ ನಾನು ಕೊಳ್ಳುವುದಿಲ್ಲ, ಅಳಿಸಿ ಹಾಕುತ್ತೇನೆ. ಆಗಾಗ ಒಂದಷ್ಟು ಹೊತ್ತು ಸದ್ದು ನಿಲ್ಲಿಸಿ ಬೇಕಾದರೆ. ಕೊಂಡ ತಕ್ಷಣ ನನ್ನ ಹಳೇ ಕೆಲಸ ಹಾಗೇ ತೆರೆದುಕೊಳ್ಳಬೇಕು.

ಅಡ್ಡಮಾತು

ಎಲ್ಲರೂ ಬೀಗ ಬೇಡ, ಪ್ರೀತಿ ಸಾಕು ಅನ್ನುವ ಧಾಟಿಯಲ್ಲಿ ಮಾತಾಡುತ್ತಿದ್ದೀರಿ. ಸ್ವಲ್ಪ ತಡೆಯಿರಿ.

ಐಲಾಕ್ ಇಷ್ಟು ವರ್ಷ ಉಳಿದಿರುವುದು ಸುಮ್ನೆ ಅಲ್ಲ. ಮೊದಲ ಕೆಲವು ತಿಂಗಳು ಕ್ರ್ಯಾಕ್ ಬಾರದಿದ್ದರೆ ಮಾರಾಟದ ದೊಡ್ಡ ಪಾಲು ಆಗಲೇ ಬಂದಿರುತ್ತದೆ, ಅದಕ್ಕಾಗಿಯೇ ಕಂಪನಿಗಳು ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತವೆ. ಈಗ ಡಾಂಗಲ್ಲೇ ಬೇಕು ಅಂತಲೂ ಇಲ್ಲ. ಒಪ್ಪಿದ ಕಂಪನಿಯ ಸಾಫ್ಟ್‌ವೇರನ್ನು ಕಂಪ್ಯೂಟರಿಗೇ ಕಟ್ಟಬಹುದು, ಕ್ಲೌಡ್‌ನಲ್ಲಿಯೂ ಇಡಬಹುದು.

ಮುಂದೆ ಯಾರಾದರೂ ರೀಪರ್ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಮಿನ ಉದಾಹರಣೆ ತಂದೇ ತರುತ್ತೀರಿ. 60 ದಿನ ಪೂರ್ತಿ ಬಿಟ್ಟಿ, ಆಮೇಲೂ ನಿಲ್ಲುವುದಿಲ್ಲ, ತೆರೆಯುವಾಗ ಕೊಳ್ಳಿ ಅಂತ ಒಂದು ಕಿಟಕಿ ಬರುತ್ತದೆ ಅಷ್ಟೇ. ವೈಯಕ್ತಿಕ ಲೈಸೆನ್ಸ್ 60 ಡಾಲರ್. ಸರಿ. ಆದರೆ ರೀಪರ್ ಬಳಸುವವರ ಸಂಖ್ಯೆ ಎಷ್ಟು, ಮಂದ್ರ ಅವರ ಸಿಂತ್ ಬಳಸುವವರು ಎಷ್ಟು? ನೂರರಲ್ಲಿ ಕೆಲವರು ಪ್ರಾಮಾಣಿಕರು ಅನ್ನುವ ಲೆಕ್ಕ ದೊಡ್ಡ ಗುಂಪಿಗೆ ಊಟ ಹಾಕುತ್ತದೆ, ಸಣ್ಣ ಗುಂಪಿಗೆ ಹಾಕುವುದಿಲ್ಲ.

ಬಫರ್ ಬಾಬು

ಅಡ್ಡಮಾತು, ಗುಂಪಿನ ಗಾತ್ರದ ಮಾತು ಒಪ್ಪಿದೆ. ಆದರೆ ಅದು ಎರಡೂ ಕಡೆ ಕೊಯ್ಯುತ್ತದೆ. ಗುಂಪು ಸಣ್ಣದಾದಷ್ಟೂ ಒಬ್ಬ ಗಿರಾಕಿ ಬೇಜಾರಾಗಿ ಹೋದರೆ ನಷ್ಟ ಜಾಸ್ತಿ. ಮೇಲೆ ನಾಬ್ ತಿರುವು ಅವರು ಹೇಳಿದ್ದನ್ನೇ ನೋಡಿ. ಅವರು ಇನ್ನು ನಾಲ್ಕು ಜನಕ್ಕೆ ಆ ಕಂಪನಿಯ ಬಗ್ಗೆ ಹೇಳಿರುತ್ತಾರೆ.

ಸ್ಟೈನ್‌ಬರ್ಗ್ ಕಡೆ ನೋಡಿ. ವರ್ಷಗಟ್ಟಲೆ ಇ-ಲೈಸೆನ್ಸರ್ ಡಾಂಗಲ್ ಇಟ್ಟುಕೊಂಡಿದ್ದವರು 2022ರಲ್ಲಿ ತಮ್ಮ ರೆಕಾರ್ಡಿಂಗ್ ಪ್ರೋಗ್ರಾಮ್ ಕ್ಯೂಬೇಸ್ 12 ಬಿಡುವಾಗ ಅದನ್ನು ಕೈಬಿಟ್ಟರು. 2025ರ ಮೇ ತಿಂಗಳಲ್ಲಿ ಆ ಸೇವೆಯನ್ನೇ ಮುಚ್ಚಿದರು. ಅಷ್ಟು ದೊಡ್ಡವರಿಗೇ ಡಾಂಗಲ್ ಭಾರವಾಯಿತು.

ಇನ್ನು ಕೆಲವರು ಗುಟ್ಟಾದ ಪರೀಕ್ಷೆ ಇಡುತ್ತಾರೆ. ಕದ್ದ ಪ್ರತಿ ಅಂತ ಗೊತ್ತಾದರೆ ತಕ್ಷಣ ಏನೂ ಮಾಡದೆ, ಕೆಲವು ವಾರ ಆದ ಮೇಲೆ ಶ್ರುತಿ ಸ್ವಲ್ಪ ಜಾರಿಸುವುದು, ನಾಬ್ ಮರೆಯಿಸುವುದು. ಕ್ರ್ಯಾಕ್ ಮಾಡಿದವನು ಪರೀಕ್ಷಿಸುವಾಗ ಸಿಕ್ಕಿಬೀಳುವುದಿಲ್ಲ ಅನ್ನುವುದು ಇದರ ಜಾಣತನ. ಆದರೆ ಶ್ರುತಿಗಾಗಿಯೇ ಇರುವ ಸಿಂತ್‌ಗೆ ಇದು ಬೇಡವೇ ಬೇಡ. ನಿಮ್ಮ ಪರೀಕ್ಷೆ ಒಮ್ಮೆ ಎಡವಿ, ದುಡ್ಡು ಕೊಟ್ಟವರು ವೇದಿಕೆ ಮೇಲೆ ಇರುವಾಗ ಶ್ರುತಿ ಜಾರಿದರೆ? ಕದ್ದವನೂ ಇದು ಬೀಗದ ಕೆಲಸ ಅಂತ ಹೇಳುವುದಿಲ್ಲ. ಬಗ್ ತುಂಬಿದೆ ಅಂತ ಊರೆಲ್ಲ ಸಾರುತ್ತಾನೆ.

ಸ್ವರಲಿಪಿ

ಬೀಗ ಎಷ್ಟು ಗಟ್ಟಿ ಅಂತ ಎಲ್ಲರೂ ಕೇಳುತ್ತಿದ್ದೀರಿ. ಬೀಗ ಹಾಕಿದವನು ಅಂಗಡಿ ಮುಚ್ಚಿದರೆ ಏನು ಅಂತ ಯಾರೂ ಕೇಳಲಿಲ್ಲ.

ನಾನು ಸ್ವರಪ್ರಸ್ತಾರ ಬರೆಯುವವನು. ಫಿನಾಲೆ ಅನ್ನುವ ನೊಟೇಶನ್ ಸಾಫ್ಟ್‌ವೇರ್ 1988ರಿಂದ ಇತ್ತು. 2024ರ ಆಗಸ್ಟ್ 26ರಂದು ಮೇಕ್‌ಮ್ಯೂಸಿಕ್ ಕಂಪನಿ ಇನ್ನು ಮುಂದೆ ಅಭಿವೃದ್ಧಿ ಇಲ್ಲ, ಮಾರಾಟ ಇಲ್ಲ ಅಂತ ಹೇಳಿತು. ಒಂದು ವರ್ಷ ಆದ ಮೇಲೆ ಹೊಸ ಕಂಪ್ಯೂಟರಿನಲ್ಲಿ ಆಥರೈಸ್ ಮಾಡಲು ಆಗುವುದಿಲ್ಲ ಅನ್ನುವುದೂ ಅದೇ ಪ್ರಕಟಣೆಯಲ್ಲಿತ್ತು. ದಶಕಗಳ ಕೆಲಸ ಆ ಫೈಲುಗಳಲ್ಲಿ ಇಟ್ಟುಕೊಂಡವರ ಎದೆ ಧಸಕ್ ಅಂದಿತು. ಜನ ಗಲಾಟೆ ಮಾಡಿದ ಮೇಲೆ ಆಥರೈಸೇಶನ್ ಮುಂದೆಯೂ ಇರುತ್ತದೆ ಅಂತ ಕಂಪನಿ ಮಾತು ಬದಲಿಸಿತು. ಆದರೆ ಅದು ಅವರ ಮನಸ್ಸಿನ ಮೇಲೆ ನಿಂತಿದ್ದು, ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಒಬ್ಬರೇ ನಡೆಸುವ ಕಡೆ ಈ ಅಪಾಯ ಇನ್ನೂ ಹತ್ತಿರ. ಮಂದ್ರ ಅವರೇ, ನೀವು ಕಾಯಿಲೆ ಬಿದ್ದರೆ, ಬೇಸರವಾಗಿ ಬಿಟ್ಟರೆ, ಡೊಮೇನ್ ರಿನ್ಯೂ ಮಾಡಲು ಮರೆತರೆ? ಆ್ಯಕ್ಟಿವೇಷನ್ ಸರ್ವರ್ ನಿಂತ ದಿನ ನಾವು ದುಡ್ಡು ಕೊಟ್ಟ ಸಿಂತ್ ನಿಲ್ಲುತ್ತದೆ. ಬಾಬು ಹೇಳಿದ ಸಹಿ ಫೈಲಿನಲ್ಲಿ ಈ ತೊಂದರೆ ಇಲ್ಲ. ಸರ್ವರ್ ಇರಲಿ ಬಿಡಲಿ, ಫೈಲ್ ನನ್ನ ಹತ್ತಿರ ಇದ್ದರೆ ಸಾಕು. ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು ಅದನ್ನು ಆರಿಸಲು.

ಹಳೇ ಟ್ರ್ಯಾಕರ್

ಸ್ವರಲಿಪಿ ಹೇಳಿದ್ದಕ್ಕೆ ಒಂದು ಬಾಲ. ಸೋರ್ಸ್ ಕೋಡಿನ ಬ್ಯಾಕಪ್ ಇಡಿ ಸ್ವಾಮಿ. ಜೆಸ್ಕೋಲಾ ಬಝ್ ಅನ್ನುವ ಸಂಗೀತ ಪ್ರೋಗ್ರಾಮ್ ಬರೆದ ಆಸ್ಕರಿ ತಮ್ಮೆಲಿನ್ 2000ದಲ್ಲಿ ಅದರ ಸೋರ್ಸ್ ಕೋಡನ್ನೇ ಕಳೆದುಕೊಂಡರು. ಮುಖ್ಯ ಪ್ರೋಗ್ರಾಮಿನ ಕೆಲಸ 2008ರವರೆಗೆ ನಿಂತೇ ಹೋಯಿತು. ಅಷ್ಟು ವರ್ಷವೂ ಜನ ಬಳಸುತ್ತಲೇ ಇದ್ದರು, ಯಾಕೆಂದರೆ ಅದರೊಳಗೆ ಪ್ಲಗಿನ್ ಥರ ಸೇರುವ, ಬೇರೆಯವರು ಬರೆದ ಮೆಷಿನ್‌ಗಳು ಬರುತ್ತಲೇ ಇದ್ದವು. ಆನ್‌ಲೈನ್ ಬೀಗ ಇದ್ದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಲೆಕ್ಕದ ಪುಸ್ತಕ

ನಾನೂ ಎರಡು ಸಣ್ಣ ಪ್ಲಗಿನ್ ಮಾರುತ್ತೇನೆ. ದುಡ್ಡಿನ ಪ್ರಶ್ನೆಗೆ ಯಾರೂ ಸರಿಯಾಗಿ ಕೈ ಹಾಕಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಖರ್ಚು. ಮ್ಯಾಕ್‌ನಲ್ಲಿ ನಿಮ್ಮ ಇನ್‌ಸ್ಟಾಲರ್ ಕಿರಿಕಿರಿ ಇಲ್ಲದೆ ತೆರೆಯಬೇಕಾದರೆ ಆಪಲ್ ಡೆವಲಪರ್ ಸದಸ್ಯತ್ವ, ವರ್ಷಕ್ಕೆ 99 ಡಾಲರ್. ವಿಂಡೋಸ್‌ಗೆ ಕೋಡ್ ಸೈನಿಂಗ್ ಸರ್ಟಿಫಿಕೇಟ್, ಅಂದರೆ ಪ್ರೋಗ್ರಾಮ್ ನಮ್ಮದೇ ಅಂತ ತೋರಿಸುವ ಸಹಿಯ ಪ್ರಮಾಣಪತ್ರ. 2023ರ ಜೂನ್‌ನಿಂದ ಅದರ ಖಾಸಗಿ ಕೀಲಿಯನ್ನು ಹಾರ್ಡ್‌ವೇರಿನಲ್ಲೇ ಇಡಬೇಕು ಅಂತ ನಿಯಮ. ಹಾಗಾಗಿ ನನಗೆ ಬಂದದ್ದು ಒಂದು ಯುಎಸ್‌ಬಿ ಟೋಕನ್. ಗಿರಾಕಿಗಳಿಗೆ ಡಾಂಗಲ್ ಬೇಡ ಅಂತ ಬಿಟ್ಟವನ ಮೇಜಿನ ಮೇಲೆ ಈಗ ಡಾಂಗಲ್ ಇದೆ!

ಆಮೇಲೆ ತೆರಿಗೆ. ಬೇರೆ ಬೇರೆ ದೇಶಕ್ಕೆ ಮಾರಿದರೆ ಅಲ್ಲಲ್ಲಿಯ ತೆರಿಗೆ ಕಟ್ಟಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ. ಪ್ಯಾಡಲ್, ಫಾಸ್ಟ್‌ಸ್ಪ್ರಿಂಗ್ ಥರದವರು ಕಾಗದದ ಮೇಲೆ ತಾವೇ ಮಾರುವವರಾಗಿ ತೆರಿಗೆ ನೋಡಿಕೊಳ್ಳುತ್ತಾರೆ, ಪ್ರತಿ ಮಾರಾಟದಲ್ಲಿ ಒಂದು ಪಾಲು ಹಿಡಿದುಕೊಳ್ಳುತ್ತಾರೆ. ಆ ಪಾಲು ನೋಡಿ ಹೊಟ್ಟೆ ಉರಿದುಕೊಳ್ಳಬೇಡಿ. ನಿಮ್ಮ ನಿದ್ದೆಗೆ ಅಷ್ಟು ಬೆಲೆ ಇದೆ.

ಇದೆಲ್ಲಕ್ಕಿಂತ ದೊಡ್ಡ ಖರ್ಚು ಸಪೋರ್ಟ್. ನನ್ನ ಹಳೇ ಪ್ಲಗಿನ್‌ಗೆ ಕಂಪ್ಯೂಟರಿಗೆ ಕಟ್ಟುವ ಆ್ಯಕ್ಟಿವೇಷನ್ ಇತ್ತು. ಬರುವ ಮೇಲ್‌ಗಳಲ್ಲಿ ಬಹುಪಾಲು ಅದರದೇ. ವೈಫೈ ಅಡಾಪ್ಟರ್ ತೆಗೆದೆ, ಗುರುತು ಬದಲಾಯಿತು, ಮತ್ತೆ ಕೊಡಿ. ಒಂದು ಪ್ಲಗಿನ್ ಮಾರಿ ಬಂದ ದುಡ್ಡನ್ನು ಎರಡು ಮೇಲ್‌ಗೆ ಉತ್ತರ ಬರೆಯುವ ಹೊತ್ತು ತಿಂದುಹಾಕುತ್ತದೆ. ಇದನ್ನು ಬೀಗದ ಖರ್ಚು ಅಂತ ಯಾರೂ ಬರೆದಿಡುವುದಿಲ್ಲ.

ಈಗ ಆದಾಯ. ಚಂದಾ ಬಗ್ಗೆ ಕೇಳಿದ್ದೀರಿ. 2023ರ ಮಾರ್ಚ್‌ನಲ್ಲಿ ವೇವ್ಸ್ ಕಂಪನಿ ಶಾಶ್ವತ ಲೈಸೆನ್ಸ್ ನಿಲ್ಲಿಸಿ ಬರೀ ಚಂದಾ ಅಂತ ಹೇಳಿ, ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ನೂರಾರು ಪ್ಲಗಿನ್ ಇರುವವರಿಗೇ ಹಾಗಾದರೆ ಒಂದು ಸಿಂತ್‌ಗೆ ತಿಂಗಳ ಬಾಡಿಗೆ ಯಾರು ಕೊಡುತ್ತಾರೆ?

ಪುಕ್ಕಟೆ ಕೊಟ್ಟು ಬದುಕುವ ದಾರಿಗಳೂ ಇವೆ, ಆದರೆ ಪ್ರತಿಯೊಂದರಲ್ಲೂ ದುಡ್ಡು ಬರುವ ಜಾಗ ಬೇರೆ. ಆರ್ಡರ್ (Ardour) ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಮ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನಲ್ಲಿದೆ. ಸೋರ್ಸ್ ಕೋಡ್ ಎಲ್ಲರಿಗೂ ಸಿಗುತ್ತದೆ, ಸಿದ್ಧ ಮಾಡಿದ ಪ್ರೋಗ್ರಾಮ್ ಬೇಕಾದರೆ ದುಡ್ಡು. ಕಂಪೈಲ್ ಮಾಡುವ ಗೋಳು ತಪ್ಪಿಸಿಕೊಳ್ಳಲು ಜನ ಕೊಡುತ್ತಾರೆ. ವಿಸಿವಿ ರ್‍ಯಾಕ್ ಅನ್ನುವ ಸಿಂತ್ ಪುಕ್ಕಟೆ, ಆದರೆ ಡಿಎಡಬ್ಲ್ಯೂ (ಸಂಗೀತ ರೆಕಾರ್ಡ್ ಮಾಡುವ ಪ್ರೋಗ್ರಾಮ್) ಒಳಗೆ ಪ್ಲಗಿನ್ ಆಗಿ ಓಡುವ ಪ್ರೊ ಆವೃತ್ತಿಗೆ ದುಡ್ಡು, ಕೆಲವು ಮಾಡ್ಯೂಲ್‌ಗಳಿಗೂ ದುಡ್ಡು. 2020ರಲ್ಲಿ ಬಂದ ಸಿಂತ್ ವೈಟಲ್‌ನಲ್ಲಿ ಸದ್ದು ಹುಟ್ಟಿಸುವ ಎಂಜಿನ್ ಪುಕ್ಕಟೆಯಲ್ಲೂ ಅದೇ, ಪ್ರೀಸೆಟ್ ಮತ್ತು ವೇವ್‌ಟೇಬಲ್ ಜಾಸ್ತಿ ಬೇಕಾದವರು ಕೊಳ್ಳುತ್ತಾರೆ. ಏರ್‌ವಿಂಡೋಸ್‌ನ ಕ್ರಿಸ್ ಜಾನ್ಸನ್ ತಮ್ಮ ಪ್ಲಗಿನ್ ಎಲ್ಲವನ್ನೂ ಎಂಐಟಿ ಅನ್ನುವ ಮುಕ್ತ ಲೈಸೆನ್ಸಿನಲ್ಲಿ ಕೊಟ್ಟು, ಅಭಿಮಾನಿಗಳು ದುಡ್ಡು ಕೊಡುವ ಪೇಟ್ರಿಯಾನ್ ಮೇಲೆ ನಿಂತಿದ್ದಾರೆ. ಅದಕ್ಕೆ ಅವರು ಎಡೆಬಿಡದೆ ಹೊಸ ಪ್ಲಗಿನ್ ಬಿಡುತ್ತಲೇ ಇರಬೇಕು. ನಿಮಗೆ ಆ ಸ್ವಭಾವ ಇದೆಯಾ ನೋಡಿಕೊಳ್ಳಿ, ನನಗಂತೂ ಇಲ್ಲ.

ನನ್ನ ಅನುಭವದಲ್ಲಿ ಸಣ್ಣ ಗುಂಪಿನಲ್ಲಿ ದುಡ್ಡು ಬರುವುದು ಎರಡು ಹೊತ್ತಿನಲ್ಲಿ. ಹೊಸದು ಬಿಟ್ಟಾಗ, ಮತ್ತು ದೊಡ್ಡ ಆವೃತ್ತಿಗೆ ಹಳಬರು ಕಡಿಮೆ ದರದಲ್ಲಿ ಅಪ್‌ಗ್ರೇಡ್ ಆದಾಗ. ನಡುವೆ ಒಣಗಿರುತ್ತದೆ. ಆದ್ದರಿಂದ ಹಳಬರು ಖುಷಿಯಾಗಿದ್ದಾರಾ ಅನ್ನುವುದೇ ನಿಮ್ಮ ಆದಾಯ. ಕದ್ದವರನ್ನು ಲೆಕ್ಕದಿಂದ ಹೊರಗಿಟ್ಟು ನೋಡಿ, ಆಗ ಎಲ್ಲಿ ಕೆಲಸ ಮಾಡಬೇಕು ಅಂತ ಕಾಣುತ್ತದೆ.

ಅಡ್ಡಮಾತು

ಲೆಕ್ಕದ ಪುಸ್ತಕ, ಸಪೋರ್ಟ್ ಖರ್ಚಿನ ಮಾತು ನಾನು ಯೋಚಿಸಿರಲಿಲ್ಲ, ಅದು ಸರಿ. ಆದರೂ ಪೂರ್ತಿ ಪುಕ್ಕಟೆ ದಾರಿ ಮಂದ್ರ ಅವರಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಒಮ್ಮೆ ಸೊನ್ನೆಗೆ ಇಳಿಸಿದ ಬೆಲೆಯನ್ನು ಮತ್ತೆ ಏರಿಸಲು ಆಗುವುದಿಲ್ಲ. ಕೊಂಡವರಿಗೂ ಮೋಸ ಅನ್ನಿಸುತ್ತದೆ.

ಇನ್ನೊಂದು, ಆ ಕೀಜೆನ್ ಇರುವ ಜಾಗಗಳಿಗೆ ತೆಗೆಯಿರಿ ಅಂತ ನೋಟಿಸ್ ಕಳಿಸಿದ್ದೀರಾ? ಬೀಗ ಬೇಡ ಅನ್ನುವವರೂ ಅಷ್ಟಾದರೂ ಮಾಡಬೇಕು.

ಮಂದ್ರ

ಎಲ್ಲರಿಗೂ ಥ್ಯಾಂಕ್ಸ್. ನೋಟಿಸ್ ಕಳಿಸಿದೆ. ಎರಡು ಕಡೆ ತೆಗೆದರು, ಉಳಿದವರು ಉತ್ತರವನ್ನೇ ಕೊಡಲಿಲ್ಲ. ಅದರ ಹಿಂದೆ ಇನ್ನು ಓಡುವುದಿಲ್ಲ.

ಹೀಗೆ ಮಾಡುತ್ತೇನೆ. ಸಹಿ ಹಾಕಿದ ಲೈಸೆನ್ಸ್ ಫೈಲ್, ಸರ್ವರ್ ಇಲ್ಲ, ಕಂಪ್ಯೂಟರಿಗೆ ಕಟ್ಟುವುದಿಲ್ಲ. ಪ್ಲಗಿನ್ನಿನ ಕೆಳಗಡೆ ಕೊಂಡವರ ಹೆಸರು ಸಣ್ಣಗೆ ಕಾಣುತ್ತದೆ. ಡೆಮೊದಲ್ಲಿ ಸೇವ್ ಆಗುತ್ತದೆ, ಆಗಾಗ ಸದ್ದು ಇಳಿದು ಏರುತ್ತದೆ. ದೊಡ್ಡ ಆವೃತ್ತಿಗೆ ಹಳಬರಿಗೆ ಅರ್ಧ ಬೆಲೆ. ನಾನು ಮಾರಾಟ ನಿಲ್ಲಿಸುವ ದಿನ ಬಂದರೆ ಬೀಗವಿಲ್ಲದ ಕೊನೆಯ ಪ್ರತಿ ಬಿಡುತ್ತೇನೆ ಅಂತ ಲೈಸೆನ್ಸಿನಲ್ಲೇ ಬರೆಯುತ್ತೇನೆ. ಐಲಾಕ್ ಬೇಡ. ಅಡ್ಡಮಾತು, ಕ್ಷಮಿಸಿ, ನನ್ನ ಸಿಂತ್‌ಗೆ ಮೊದಲ ತಿಂಗಳ ನೂಕುನುಗ್ಗಲು ಅಂತ ಒಂದು ಇಲ್ಲವೇ ಇಲ್ಲ, ಕಾಪಾಡುವುದು ಏನನ್ನು?

ಬೀಟಾ ಇವತ್ತು ಹಾಕಿದ್ದೇನೆ, ಬೇಕಾದವರು ಇಳಿಸಿಕೊಂಡು ನೋಡಿ.

ಸ್ವರಲಿಪಿ

ಹಾಕಿಕೊಂಡೆ. ಲೈಸೆನ್ಸ್ ಫೈಲ್ ತೆಗೆದುಕೊಳ್ಳುತ್ತಿಲ್ಲ. ಸಹಿ ಹೊಂದುತ್ತಿಲ್ಲ ಅನ್ನುತ್ತದೆ. ಕೊಳ್ಳುವಾಗ ಹೆಸರನ್ನು ಕನ್ನಡದಲ್ಲಿ ಬರೆದಿದ್ದೆ, ಅದರಿಂದ ಇರಬಹುದಾ? ಇಂಗ್ಲಿಷಿನಲ್ಲಿ ಹೆಸರಿರುವ ಇನ್ನೊಂದು ಫೈಲ್ ಸರಿಯಾಗಿ ತೆರೆಯುತ್ತದೆ.

ಬಫರ್ ಬಾಬು

ಅದೇ ಇರಬೇಕು. ನಿಮ್ಮ ಹೆಸರಿನಲ್ಲಿ ಕೊ, ಕೋ, ಕೀ ಥರದ ಅಕ್ಷರ ಇದೆಯಾ? ಯುನಿಕೋಡ್‌ನಲ್ಲಿ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳು ಬೇರೆ. ಸಹಿ ನೋಡುವುದು ಬೈಟುಗಳನ್ನು.

ಮಂದ್ರ, ನೀವು ಫೈಲ್ ಓದಿ, ಹೆಸರನ್ನು ಬಿಡಿಸಿ, ಮತ್ತೆ ಜೋಡಿಸಿ, ಆಮೇಲೆ ಪರೀಕ್ಷೆ ಮಾಡುತ್ತಿದ್ದೀರಾ? ನಡುವೆ ಯಾವುದೋ ಲೈಬ್ರರಿ ಅದನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಿರುಗಿಸಿರುತ್ತದೆ.

ಮಂದ್ರ

ಹೌದು, ಹೆಸರನ್ನು ತೋರಿಸುವ ಮೊದಲು ನಾರ್ಮಲೈಸ್ ಮಾಡಿ (ಸಂಕೇತಗಳನ್ನು ಒಂದೇ ರೂಪಕ್ಕೆ ತಂದು), ಅದನ್ನೇ ಪರೀಕ್ಷೆಗೂ ಕೊಡುತ್ತಿದ್ದೆ. ಈಗ ಫೈಲಿನಲ್ಲಿ ಬಂದ ಬೈಟುಗಳನ್ನು ಮುಟ್ಟದೆ ಮೊದಲು ಸಹಿ ಪರೀಕ್ಷೆ, ಆಮೇಲೆ ಹೆಸರು ಬಿಡಿಸುವುದು. ಹೊಸ ಬೀಟಾ ಹಾಕಿದ್ದೇನೆ. ಸ್ವರಲಿಪಿ ಅವರೇ, ನಿಮ್ಮ ಅದೇ ಫೈಲನ್ನು ಇನ್ನೊಮ್ಮೆ ಹಾಕಿ ನೋಡುತ್ತೀರಾ?

ಸ್ವರಲಿಪಿ

ತೆಗೆದುಕೊಂಡಿತು. ಹೆಸರೂ ಸರಿಯಾಗಿ ಕಾಣುತ್ತಿದೆ, ಒತ್ತಕ್ಷರ ಒಡೆದಿಲ್ಲ. ಇನ್ನು ಆ ಶ್ರುತಿ ಪಟ್ಟಿಯ ಕಿಟಕಿಯನ್ನು ಸ್ವಲ್ಪ ದೊಡ್ಡದು ಮಾಡಲು ಆಗುತ್ತದಾ? 53 ಸ್ವರದ ಫೈಲ್ ಹಾಕಿದರೆ ಅರ್ಧವೇ ಕಾಣುತ್ತದೆ.